ತಾನೇ ಮಾಯುವ ಲೇಪಗಳು: ಟರ್ಬೈನಿನ ಸಿರಾಮಿಕ್ ಅಂಗಗಳೂ ಉಕ್ಕಿನ ಮೂಸೆಯೂ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯವರ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿ 3ರಂದು ಶಂಕುಸ್ಥಾಪನೆಯಾಗಿ, 2023ರ ಫೆಬ್ರವರಿ 6ರಂದು ಅದು ಉದ್ಘಾಟನೆಗೊಂಡಿತು. ಕಾರ್ಖಾನೆಯ ನೆಲ 615 ಎಕರೆ. ವರ್ಷಕ್ಕೆ 30 ಹಗುರ ಹೆಲಿಕಾಪ್ಟರುಗಳಿಂದ ಮೊದಲಾಗಿ, ಕ್ರಮೇಣ 60ಕ್ಕೂ 90ಕ್ಕೂ ಏರಿಸಬೇಕೆಂಬುದು ಅದರ ಉದ್ದೇಶ. ಅಡಕೆ, ತೆಂಗು, ರಾಗಿಗಳ ಸೀಮೆಯೆಂದೇ ಹೆಸರಾದ ಪ್ರದೇಶಕ್ಕೆ ಇಂಥ ಯಂತ್ರೋದ್ಯಮವು ಬಂದ ಮೇಲೆ, ಯಂತ್ರಗಳ ಒಳಗುಟ್ಟನ್ನು ಕುರಿತ ಪ್ರಶ್ನೆಗಳು ಇತಿಹಾಸದ ತರಗತಿಗಳಿಗೂ ಬರತೊಡಗಿರುವುದು ಸಹಜವೇ ಆಗಿದೆ. ಅಂಥವುಗಳಲ್ಲಿ ಒಂದು ಪ್ರಶ್ನೆಯನ್ನು ನಾವು ಈ ಲೇಖನಕ್ಕೆ ವಿಷಯವಾಗಿ ಎತ್ತಿಕೊಂಡಿದ್ದೇವೆ. ಪಿಂಗಾಣಿಯ ಜಾತಿಗೆ ಸೇರಿದ ಅಲಗುಗಳು ಇಂಜಿನಿನ ಬೆಂಕಿಯಲ್ಲಿ ನಿಂತು ಕೆಲಸ ಮಾಡುತ್ತವಂತೆ; ಅವುಗಳ ಮೇಲೆ ಬಳಿದ ಲೇಪವು ಬಿರುಕುಬಿಟ್ಟರೆ, ಗಾಯ ಮಾಯುವಂತೆ ತಾನಾಗಿಯೇ ಮಾಯುತ್ತದಂತೆ; ಇದು ನಿಜವೇ?

ನಿಜವೇ, ಆದರೆ ಕೇಳಿದಷ್ಟು ಪೂರ್ಣವಾಗಿ ಅಲ್ಲ ಎಂಬುದು ನಮ್ಮ ಉತ್ತರ. ಒಂದು ಮಾತನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸಬೇಕು. ಗುಬ್ಬಿಯ ಕಾರ್ಖಾನೆಯ ಹಗುರ ಹೆಲಿಕಾಪ್ಟರಿಗೆ ಜೋಡಿಸುವ 'ಶಕ್ತಿ' ಎಂಬ ಇಂಜಿನಿನಲ್ಲಿ ತಿರುಗುವ ಟರ್ಬೈನ್ ಅಲಗುಗಳು ಸಿರಾಮಿಕ್ ಅಲ್ಲ, ಲೋಹದವು. ಈ ಇಂಜಿನನ್ನು ಫ್ರಾನ್ಸ್ ದೇಶದ ಇಂಜಿನ್ ತಯಾರಕರೊಡನೆ ಕೂಡಿ ರೂಪಿಸಿ, ಬೆಂಗಳೂರಿನಲ್ಲಿ ತಯಾರಿಸುತ್ತಾರೆ. ಸಿರಾಮಿಕ್ ಅಂಗಗಳು ಸದ್ಯಕ್ಕೆ ದೊಡ್ಡ ವಿಮಾನಗಳ ಇಂಜಿನುಗಳಲ್ಲಿ, ಅಲ್ಲಿಯೂ ಬಹುಮಟ್ಟಿಗೆ ತಿರುಗದ ಭಾಗಗಳಲ್ಲಿ ಮಾತ್ರ ಸೇವೆಗೆ ಬಂದಿವೆ. ಹಾಗಾದರೆ ಈ ವಿಷಯ ನಮಗೇಕೆ ಎಂದು ಕೇಳಬಹುದು. ಗುಬ್ಬಿಯ ಹೆಲಿಕಾಪ್ಟರಿಗೆ ಇರುವುದು ಒಂದೇ ಇಂಜಿನು. 2020ರಲ್ಲಿ ಅದನ್ನು ಲಡಾಖಿನ ಅತ್ಯುನ್ನತ ನೆಲೆಗಳಲ್ಲಿ ಹಾರಿಸಿ ಪರೀಕ್ಷಿಸಿದರು. ಗಾಳಿ ತೆಳುವಾದ ಎತ್ತರದಲ್ಲಿ, ಕೆಳಗೆ ಹಿಮಗಲ್ಲಲ್ಲದೆ ಬೇರೇನೂ ಇಲ್ಲದ ಕಡೆ, ಒಂದೇ ಇಂಜಿನನ್ನು ನಂಬಿ ಕುಳಿತ ಚಾಲಕನಿಗೆ, ಕೂದಲೆಳೆಗಿಂತ ತುಸು ದಪ್ಪನಾದ ಒಂದು ಲೇಪವು ಕಳಚಿತೇ ಉಳಿಯಿತೇ ಎಂಬುದು ಪಾಂಡಿತ್ಯದ ಪ್ರಶ್ನೆಯಲ್ಲ.

ಟರ್ಬೈನ್ ಇಂಜಿನಿನ ಕೆಲಸವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಮುಂಭಾಗದಿಂದ ಗಾಳಿಯನ್ನು ಒಳಗೆಳೆದು ಅದುಮಬೇಕು. ಅದುಮಿದ ಗಾಳಿಯಲ್ಲಿ ಇಂಧನವನ್ನು ಉರಿಸಬೇಕು. ಉರಿದು ಹಿಗ್ಗಿದ ಅನಿಲವು ಹೊರಕ್ಕೆ ನುಗ್ಗುವಾಗ ದಾರಿಯಲ್ಲಿ ಅಲಗುಗಳ ಚಕ್ರವೊಂದನ್ನು ತಿರುಗಿಸಬೇಕು. ಆ ಚಕ್ರವೇ ಟರ್ಬೈನು. ಮುಂದೆ ಗಾಳಿಯನ್ನು ಅದುಮುವ ಯಂತ್ರವನ್ನೂ, ಹೆಲಿಕಾಪ್ಟರಾದರೆ ನೆತ್ತಿಯ ಮೇಲಿನ ರೆಕ್ಕೆಯನ್ನೂ ತಿರುಗಿಸುವುದು ಅದರ ಬಲವೇ. ಅನಿಲವು ಎಷ್ಟು ಬಿಸಿಯಾಗಿರುವುದೋ ಅಷ್ಟು ಕಡಮೆ ಇಂಧನದಲ್ಲಿ ಹೆಚ್ಚು ಕೆಲಸ ನಡೆಯುತ್ತದೆ. ಇಂಗ್ಲೆಂಡಿನ ಫ್ರಾಂಕ್ ವಿಟ್ಟಲನು 1930ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದಂದಿನಿಂದ ಇಂದಿನವರೆಗೆ ಈ ಇಂಜಿನಿನ ಚರಿತ್ರೆಯೆಂದರೆ, ಬಹುಮಟ್ಟಿಗೆ, ಬಿಸಿಯನ್ನು ಏರಿಸುತ್ತ ಹೋದ ಚರಿತ್ರೆಯೇ. ಬೆಂಗಳೂರಿಗೆ ಈ ಚರಿತ್ರೆಯಲ್ಲಿ ತನ್ನದೇ ಸ್ಥಾನವಿದೆ. 1940ರಲ್ಲಿ ಅಲ್ಲಿ ವಿಮಾನ ಕಾರ್ಖಾನೆ ಆರಂಭವಾಯಿತು. 1961ರ ಜೂನ್ 17ರಂದು 'ಮರುತ್' ಯುದ್ಧವಿಮಾನವು ಅಲ್ಲಿಂದಲೇ ಮೊದಲು ಹಾರಿತು. 1959ರಲ್ಲಿ ಕಾನಪುರದಲ್ಲಿ ಹುಟ್ಟಿದ ಗ್ಯಾಸ್ ಟರ್ಬೈನ್ ಸಂಶೋಧನಾ ಕೇಂದ್ರವು 1961ರಲ್ಲಿ ಅಲ್ಲಿಗೆ ಬಂದು ನೆಲಸಿತು. ಮರುತ್ ವಿಮಾನಕ್ಕೆ ತಕ್ಕ ಬಲದ ಇಂಜಿನು ಕೊನೆಗೂ ದೊರೆಯಲಿಲ್ಲ. 1989ರಲ್ಲಿ ಮಂಜೂರಾದ 'ಕಾವೇರಿ' ಇಂಜಿನಿನ ಯೋಜನೆಯನ್ನು 2008ರಲ್ಲಿ ತೇಜಸ್ ವಿಮಾನದಿಂದ ಬೇರ್ಪಡಿಸಬೇಕಾಯಿತು. ಈ ಎರಡು ಪ್ರಸಂಗಗಳಿಗೂ ಕಾರಣಗಳು ಹಲವು. ಆದರೆ ಬಿಸಿಯನ್ನು ತಾಳುವ ವಸ್ತುಗಳು ಕೈಯಲ್ಲಿಲ್ಲದ ದೇಶಕ್ಕೆ ಒಳ್ಳೆಯ ಇಂಜಿನು ದಕ್ಕುವುದು ಕಷ್ಟ ಎಂಬುದನ್ನು ಮಾತ್ರ ನಿಸ್ಸಂಶಯವಾಗಿ ಹೇಳಬಹುದು.

ಟರ್ಬೈನ್ ಅಲಗಿಗೆ ಈವರೆಗೆ ಬಳಸುತ್ತ ಬಂದಿರುವುದು ನಿಕಲ್ ಪ್ರಧಾನವಾದ ಮಿಶ್ರಲೋಹ. ಅದು ಕರಗತೊಡಗುವುದು ಹೆಚ್ಚುಕಡಮೆ 1300 ಡಿಗ್ರಿ ಸೆಂಟಿಗ್ರೇಡಿನಲ್ಲಿ. ದೊಡ್ಡ ಇಂಜಿನುಗಳಲ್ಲಿ ಅಲಗಿಗೆ ಬಂದು ಬಡಿಯುವ ಅನಿಲವಾದರೋ 1500 ಡಿಗ್ರಿಗೂ ಮೀರಿದ್ದು. ಕರಗುವ ಬಿಸಿಗಿಂತ ಹೆಚ್ಚಿನ ಬಿಸಿಯಲ್ಲಿ ಲೋಹವು ಕರಗದೆ ನಿಂತಿರುವುದು ಹೇಗೆ? ಅಲಗಿನೊಳಗೆ ಸಣ್ಣ ಕಾಲುವೆಗಳನ್ನು ಕೊರೆದು ತಂಪು ಗಾಳಿಯನ್ನು ಹರಿಸುತ್ತಾರೆ. ಮೇಲೆ ಜಿರ್ಕೋನಿಯ ಎಂಬ ಸಿರಾಮಿಕ್ಕಿನ ತೆಳುವಾದ ಲೇಪವನ್ನು ಕೊಡುತ್ತಾರೆ. ಈ ಲೇಪವು ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದರಿಂದ ಮೂರು ಪಾಲು ದಪ್ಪವಿದ್ದು, ಬಿಸಿಯು ಲೋಹಕ್ಕೆ ತಾಕದಂತೆ ಮರೆಯಾಗಿ ನಿಲ್ಲುತ್ತದೆ. ಉರಿಯುವ ಒಲೆಯ ಮೇಲಿನ ಹಿತ್ತಾಳೆಯ ಪಾತ್ರೆಗೆ ಹೊರಗಡೆ ಮಣ್ಣು ಮೆತ್ತುವುದನ್ನು ಬಲ್ಲವರಿಗೆ ಇದರ ತತ್ತ್ವ ಹೊಸದೇನಲ್ಲ. ಆದರೆ ತಂಪು ಮಾಡುವ ಗಾಳಿಯು ಬಿಟ್ಟಿಯಾಗಿ ಬಂದದ್ದಲ್ಲ. ಇಂಜಿನು ಕಷ್ಟಪಟ್ಟು ಅದುಮಿದ ಗಾಳಿಯಿಂದಲೇ ಅದನ್ನು ಕದಿಯಬೇಕು. ಅಷ್ಟರಮಟ್ಟಿಗೆ ಬಲದ ನಷ್ಟ. ಲೋಹದ ಬದಲಿಗೆ ಬಿಸಿಯನ್ನು ತಾನೇ ತಾಳಬಲ್ಲ ವಸ್ತುವೊಂದಿದ್ದರೆ ಈ ನಷ್ಟವು ತಪ್ಪುವುದೆಂಬ ಆಸೆಯಿಂದ ಸಿರಾಮಿಕ್ ಅಂಗಗಳ ಶೋಧನೆ ಮೊದಲಾಯಿತು.

ಮಡಕೆಯು ಕುಲುಮೆಯ ಬಿಸಿಯನ್ನು ತಾಳುತ್ತದೆ, ಕೈಜಾರಿ ಬಿದ್ದರೆ ಒಡೆಯುತ್ತದೆ. ಸಿರಾಮಿಕ್ ಜಾತಿಯ ಗುಣದೋಷಗಳೆರಡೂ ಈ ಒಂದು ಮಾತಿನಲ್ಲಿವೆ. ಒಂದು ಕಡೆ ಹುಟ್ಟಿದ ಬಿರುಕು ಲೋಹದಲ್ಲಾದರೆ ತಡೆದು ನಿಲ್ಲಬಹುದು. ಸಿರಾಮಿಕ್ಕಿನಲ್ಲಿ ಕ್ಷಣಾರ್ಧದಲ್ಲಿ ಆರಪಾರ ಓಡುತ್ತದೆ. ಇದಕ್ಕೆ ಕಂಡುಕೊಂಡ ಉಪಾಯವು ಎಳೆಗಳನ್ನು ಸೇರಿಸುವುದು. ಗೋಡೆ ಕಟ್ಟುವ ಮಣ್ಣಿಗೆ ಹುಲ್ಲನ್ನು ತುಳಿದು ಬೆರೆಸುವಂತೆ, ಸಿಲಿಕಾನ್ ಕಾರ್ಬೈಡ್ ಎಂಬ ಸಿರಾಮಿಕ್ಕಿನ ಒಡಲಲ್ಲಿ ಅದೇ ವಸ್ತುವಿನ ಸೂಕ್ಷ್ಮವಾದ ನೂಲುಗಳನ್ನು ಹಾಸುಹೊಕ್ಕಾಗಿ ಇಡುತ್ತಾರೆ. ಬಿರುಕು ನೂಲಿನ ಬಳಿಗೆ ಬಂದಾಗ ನೇರವಾಗಿ ಸೀಳದೆ ಅದರ ಪಕ್ಕಕ್ಕೆ ಹೊರಳಿ ಬಲಗುಂದುತ್ತದೆ. ಈ ನೂಲನ್ನು ತೆಗೆಯುವ ಮಾರ್ಗವನ್ನು ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಯಾಜಿಮ ಎಂಬ ವಿದ್ವಾಂಸನು 1975ರಲ್ಲಿ ಪ್ರಕಟಿಸಿದನು. ಹೀಗೆ ಸಿದ್ಧವಾದ ಸಂಯುಕ್ತ ಸಿರಾಮಿಕ್ಕಿನ ತೂಕ ನಿಕಲ್ ಲೋಹದ ಮೂರನೆಯ ಒಂದು ಪಾಲಿನಷ್ಟು ಮಾತ್ರ. 2016ರಲ್ಲಿ ಪ್ರಯಾಣಿಕ ವಿಮಾನಗಳಲ್ಲಿ ಸೇವೆಗೆ ಬಂದ 'ಲೀಪ್' ಎಂಬ ಇಂಜಿನಿನಲ್ಲಿ, ಟರ್ಬೈನ್ ಅಲಗುಗಳ ಸುತ್ತಲಿನ ಬಳೆಯನ್ನು ಈ ವಸ್ತುವಿನಿಂದಲೇ ಮಾಡಿದ್ದಾರೆ.

ಇಲ್ಲಿಗೆ ಸಮಸ್ಯೆ ಪರಿಹಾರವಾಯಿತೆಂದು ತೋರಬಹುದು. ಆದರೆ ವಿಷಯದ ಸ್ವಾರಸ್ಯವೆಲ್ಲ ಇನ್ನು ಮುಂದಿದೆ.

ಸಿಲಿಕಾನ್ ಕಾರ್ಬೈಡು ಬಿಸಿ ಗಾಳಿಯಲ್ಲಿ ನಿಂತಾಗ ಅದರ ಮೈಯಲ್ಲಿರುವ ಸಿಲಿಕಾನು ಗಾಳಿಯ ಆಮ್ಲಜನಕದೊಡನೆ ಕೂಡಿ ಸಿಲಿಕ ಆಗುತ್ತದೆ. ಸಿಲಿಕವೆಂದರೆ ಹೊಳೆಯ ಬಿಳಿಮರಳಿನ ಸಾರವೇ. ಬಿಸಿಯಲ್ಲಿ ಅದು ಗಾಜಿನಂಥ ಪೊರೆಯಾಗಿ ಮೇಲ್ಮೈಯನ್ನೆಲ್ಲ ಆವರಿಸಿ, ಆಮ್ಲಜನಕವು ಮುಂದಕ್ಕೆ ನುಗ್ಗದಂತೆ ತಡೆಯುತ್ತದೆ. ಪೊರೆಯ ಒಂದು ಕಡೆ ಗೀರು ಬಿದ್ದರೆ ಅಲ್ಲಿ ತೆರೆದುಕೊಂಡ ಕಾರ್ಬೈಡು ಮತ್ತೆ ಉರಿದು ಮತ್ತೆ ಸಿಲಿಕವಾಗುತ್ತದೆ, ಗೀರು ಮುಚ್ಚುತ್ತದೆ. ಮಂಡಿ ತರಚಿದಾಗ ರಕ್ತವು ಹೆಪ್ಪುಗಟ್ಟಿ ಹಕ್ಕಳೆಯಾಗುವ ಬಗೆ ಇದು. ಯಾರೂ ಬಂದು ಬಳಿಯಬೇಕಾಗಿಲ್ಲ. ಗಾಯ ಮಾಡಿದ ಗಾಳಿಯೇ ಮದ್ದನ್ನೂ ತರುತ್ತದೆ. 'ತಾನೇ ಮಾಯುವುದು' ಎಂಬ ಮಾತಿನ ಮೂಲಾರ್ಥವು ಇಷ್ಟೇ. ವಸ್ತುವಿಗೆ ಜೀವ ಬಂದಿತೆಂದಾಗಲಿ, ಅದಕ್ಕೆ ಬುದ್ಧಿ ಇದೆಯೆಂದಾಗಲಿ ಭಾವಿಸಬಾರದು.

ಒಣಗಾಳಿಯಲ್ಲಿ ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತದೆ. ಇಂಜಿನಿನ ಒಳಗಿನ ಗಾಳಿ ಒಣಗಾಳಿಯಲ್ಲ. ಸೀಮೆಎಣ್ಣೆಯಂಥ ಇಂಧನದಲ್ಲಿರುವ ಜಲಜನಕವು ಉರಿದರೆ ನೀರಾಗಲೇಬೇಕು. ಒಂದು ಕಿಲೋ ಇಂಧನಕ್ಕೆ ಸುಮಾರು ಒಂದೂಕಾಲು ಕಿಲೋ ನೀರು ಆವಿಯಾಗಿ ಹುಟ್ಟುತ್ತದೆ. ಈ ನೀರಾವಿಯು ಸಿಲಿಕದ ಪೊರೆಯೊಡನೆ ಕೂಡಿ ಅದನ್ನು ಅನಿಲರೂಪಕ್ಕೆ ತಿರುಗಿಸುತ್ತದೆ. ವೇಗವಾಗಿ ಹರಿಯುವ ಗಾಳಿಯು ಅದನ್ನು ಹೊತ್ತೊಯ್ಯುತ್ತದೆ. ಪೊರೆ ಹೋದಂತೆಲ್ಲ ಕೆಳಗಿನ ಕಾರ್ಬೈಡು ಹೊಸ ಪೊರೆಯನ್ನು ಹುಟ್ಟಿಸುತ್ತದೆ, ಅದೂ ಹೋಗುತ್ತದೆ. ಸಾಲ ತೀರಿಸಲು ಹೊಲವನ್ನು ತುಂಡುತುಂಡಾಗಿ ಮಾರಿದಂತೆ, ಮಾಯುತ್ತ ಮಾಯುತ್ತಲೇ ಅಂಗವು ಸವೆದುಹೋಗುತ್ತದೆ. 1990ರ ದಶಕದಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಪ್ರಯೋಗಾಲಯಗಳಲ್ಲಿ ಈ ಸವೆತದ ಸ್ವರೂಪವು ಸ್ಪಷ್ಟವಾಗಿ ಗೊತ್ತಾದ ಮೇಲೆ, ಸಿರಾಮಿಕ್ ಅಂಗಗಳಿಗೂ ಮೇಲೊಂದು ರಕ್ಷಾಲೇಪ ಬೇಕೇಬೇಕೆಂದು ನಿರ್ಧಾರವಾಯಿತು. ಲೋಹದ ಮೇಲಣ ಲೇಪವು ಬಿಸಿಯನ್ನು ತಡೆಯತಕ್ಕದ್ದು. ಇದು ನೀರಾವಿಯನ್ನು ತಡೆಯತಕ್ಕದ್ದು. ಈ ಎರಡನ್ನು ಒಂದೆಂದು ತಿಳಿದು ಬರೆಯುವವರು ಪತ್ರಿಕೆಗಳಲ್ಲಿ ಹಲವರಿರುವುದರಿಂದ ಈ ಭೇದವನ್ನು ಒತ್ತಿ ಹೇಳಬೇಕಾಗಿದೆ.

ಲೇಪಕ್ಕೆ ಆರಿಸಬೇಕಾದ ವಸ್ತುವು ನೀರಾವಿಗೆ ಜಗ್ಗಬಾರದು. ಮಾತ್ರವಲ್ಲ, ಬಿಸಿಯಾದಾಗ ಹಿಗ್ಗುವ ಪ್ರಮಾಣದಲ್ಲಿ ಕೆಳಗಿನ ಸಿಲಿಕಾನ್ ಕಾರ್ಬೈಡಿಗೆ ಸಮನಾಗಿರಬೇಕು. ಹಿಗ್ಗುವುದರಲ್ಲಿ ಹೊಂದಿಕೆ ಇಲ್ಲದ ಎರಡು ಪದರಗಳನ್ನು ಅಂಟಿಸಿದರೆ ಕಾಯಿಸಿ ಆರಿಸುವಷ್ಟರಲ್ಲಿ ಒಂದು ಹರಿದುಹೋಗುತ್ತದೆ. ಯಿಟರ್ಬಿಯಂ ಎಂಬ ವಿರಳ ಮೂಲವಸ್ತುವಿನ ಸಿಲಿಕೇಟುಗಳು ಈ ಪರೀಕ್ಷೆಯಲ್ಲಿ ಮುಂದೆ ನಿಂತಿವೆ. ಅವುಗಳಲ್ಲಿಯೂ ಎರಡು ಬಗೆ. ಸಿಲಿಕ ಹೆಚ್ಚಿರುವ ದ್ವಿಸಿಲಿಕೇಟು ಹಿಗ್ಗುವಿಕೆಯಲ್ಲಿ ಕಾರ್ಬೈಡಿಗೆ ಹೊಂದುತ್ತದೆ. ಸಿಲಿಕ ಕಡಮೆಯಿರುವ ಏಕಸಿಲಿಕೇಟು ಅಷ್ಟು ಹೊಂದದಿದ್ದರೂ ನೀರಾವಿಯನ್ನು ಇನ್ನೂ ಚೆನ್ನಾಗಿ ಎದುರಿಸುತ್ತದೆ. ಲೇಪಕ್ಕೂ ಅಂಗಕ್ಕೂ ನಡುವೆ ಹಿಡಿತಕ್ಕಾಗಿ ಸಿಲಿಕಾನಿನ ಒಂದು ತೆಳು ಪದರವಿರುತ್ತದೆ. ಇದು 1414 ಡಿಗ್ರಿಯಲ್ಲಿ ಕರಗುವುದರಿಂದ ಇಡೀ ಏರ್ಪಾಡಿನ ಬಿಸಿಗೆ ಅದೇ ಮಿತಿ.

ಈ ಲೇಪಕ್ಕೆ ಬಿರುಕು ಬರುವುದು ಎಲ್ಲಿಂದ? ವಿಮಾನವು ಏರುವಾಗ ಇಂಜಿನು ಕಾಯುತ್ತದೆ, ಇಳಿದು ನಿಂತಾಗ ಆರುತ್ತದೆ. ದಿನಕ್ಕೆ ಹಲವು ಸಲ, ವರ್ಷಗಟ್ಟಲೆ, ಹೀಗೆ ಹಿಗ್ಗಿ ಕುಗ್ಗುವ ಆಯಾಸವೇ ಮೊದಲ ಕಾರಣ. ಎರಡನೆಯದು ಇನ್ನೂ ಗೂಢವಾದದ್ದು. ನಡುವಿನ ಸಿಲಿಕಾನ್ ಪದರದ ಮೇಲೆ ನಿಧಾನವಾಗಿ ಬೆಳೆಯುವ ಸಿಲಿಕವು ಹರಳುಗಟ್ಟಿ, ಆರುವಾಗ ಸುಮಾರು 220 ಡಿಗ್ರಿಯ ಬಳಿ ತನ್ನ ಹರಳಿನ ರೂಪವನ್ನೇ ಬದಲಿಸಿಕೊಂಡು ಒಮ್ಮೆಲೇ ಕುಗ್ಗುತ್ತದೆ. ಈ ಕುಗ್ಗುವಿಕೆಯಿಂದ ಅದು ಬಿರಿಯುತ್ತದೆ, ಮೇಲಿನ ಲೇಪವು ಸಿಪ್ಪೆಯಂತೆ ಎದ್ದುಬರುತ್ತದೆ. ಅಂದರೆ ಉರಿಯುವಾಗ ರಕ್ಷಕನಾಗಿದ್ದ ವಸ್ತುವೇ ಆರುವಾಗ ಭಕ್ಷಕನಾಗುತ್ತದೆ.

ಮೂರನೆಯದು ಧೂಳು. ಕುಣಿಗಲಿನಿಂದ ಗುಬ್ಬಿಯವರೆಗೆ ಬೇಸಗೆಯಲ್ಲಿ ಸಂಚರಿಸಿದವರಿಗೆ ಧೂಳಿನ ವರ್ಣನೆ ಬೇಕಾಗಿಲ್ಲ. ನಮ್ಮ ನೆಲದ ಕೆಳಗಿನ ಬಂಡೆ ಗ್ರಾನೈಟ್ ಜಾತಿಯ ನೈಸ್. ಅದು ಶಿಥಿಲವಾಗಿ ಆದ ಕೆಂಪು ಮಣ್ಣಿನಲ್ಲಿ ಸಿಲಿಕ, ಅಲ್ಯೂಮಿನ, ಕಬ್ಬಿಣ, ಸುಣ್ಣ, ಮೆಗ್ನೀಷಿಯ ಎಲ್ಲವೂ ಹೆಚ್ಚುಕಡಮೆ ಪ್ರಮಾಣದಲ್ಲಿರುತ್ತವೆ. ಇಂಥ ಧೂಳು ಸುಮಾರು 1200 ಡಿಗ್ರಿಗಿಂತ ಬಿಸಿಯಾದ ಮೇಲ್ಮೈಗೆ ತಾಗಿದರೆ ಕರಗಿ ಗಾಜಾಗುತ್ತದೆ. ಆ ಗಾಜು ಲೇಪದ ಸಂದುಗಳೊಳಗೆ ಇಳಿದು, ಅದನ್ನು ಕೊರೆದು, ಆರಿದಾಗ ಗಟ್ಟಿಯಾಗಿ, ಲೇಪವನ್ನೇ ಕಿತ್ತು ತರುತ್ತದೆ. ಇದರ ಘೋರರೂಪವನ್ನು ಜಗತ್ತು ಕಂಡದ್ದು 1982ರ ಜೂನ್ 24ರಂದು. ಜಾವಾ ದ್ವೀಪದ ಗಲುಂಗ್ಗುಂಗ್ ಜ್ವಾಲಾಮುಖಿಯ ಬೂದಿಯ ಮೋಡವನ್ನು ಹೊಕ್ಕ ಬ್ರಿಟಿಷ್ ವಿಮಾನವೊಂದರ ನಾಲ್ಕು ಇಂಜಿನುಗಳೂ ನಿಂತುಹೋದವು. ಬೂದಿಯಿಂದ ಹೊರಬಂದ ಮೇಲೆ ಇಂಜಿನುಗಳು ಮತ್ತೆ ಹೊತ್ತಿಕೊಂಡದ್ದರಿಂದ ಪ್ರಯಾಣಿಕರೆಲ್ಲರೂ ಉಳಿದರು. ನಮ್ಮ ಹೊಲದ ಧೂಳು ಜ್ವಾಲಾಮುಖಿಯ ಬೂದಿಯಲ್ಲ, ಹೆಲಿಕಾಪ್ಟರುಗಳಿಗೆ ಧೂಳನ್ನು ಬೇರ್ಪಡಿಸುವ ಸಾಧನಗಳೂ ಉಂಟು. ಆದರೂ ಬರಿಯ ನೆಲದ ಮೇಲೆ ಇಳಿಯುವಾಗ ತನ್ನ ಧೂಳನ್ನು ತಾನೇ ಎಬ್ಬಿಸಿ ತಾನೇ ಉಸಿರಾಡುವ ವಾಹನ ಹೆಲಿಕಾಪ್ಟರೊಂದೇ ಎಂಬುದನ್ನು ಮರೆಯುವಂತಿಲ್ಲ.

ಬಿರುಕು ಅನಿವಾರ್ಯವೆಂದಾದ ಮೇಲೆ ವಿಜ್ಞಾನಿಗಳ ಯೋಚನೆ ಬೇರೆ ದಿಕ್ಕಿಗೆ ತಿರುಗಿತು. ಬಿರುಕೇ ಬಾರದಂತೆ ತಡೆಯುವ ಬದಲು, ಬಂದ ಬಿರುಕನ್ನು ಮುಚ್ಚುವ ಮದ್ದನ್ನು ಲೇಪದೊಳಗೇ ಇಟ್ಟಿರಬಾರದೇಕೆ? ಯಿಟರ್ಬಿಯಂ ಸಿಲಿಕೇಟಿನ ಲೇಪದಲ್ಲಿ ಸಿಲಿಕಾನ್ ಕಾರ್ಬೈಡಿನ ಅತಿಸೂಕ್ಷ್ಮ ಕಣಗಳನ್ನು ಹರಡಿಟ್ಟರೆಂದು ಭಾವಿಸೋಣ. ಬಿರುಕು ಬಿಡುವವರೆಗೆ ಆ ಕಣಗಳು ನಿದ್ರಿಸುತ್ತವೆ. ಬಿರುಕು ಬಿಟ್ಟಾಗ ಅದರ ದಂಡೆಯಲ್ಲಿರುವ ಕಣಗಳಿಗೆ ಆಮ್ಲಜನಕವು ತಾಗಿ ಅವು ಸಿಲಿಕವಾಗುತ್ತವೆ. ಕಾರ್ಬೈಡು ಸಿಲಿಕವಾಗುವಾಗ ಅದರ ಗಾತ್ರ ಎರಡರಷ್ಟಕ್ಕೂ ತುಸು ಮೀರುತ್ತದೆ. ನೆನೆದ ಅವಲಕ್ಕಿ ಉಬ್ಬಿ ಬಟ್ಟಲನ್ನು ತುಂಬುವಂತೆ, ಉಬ್ಬಿದ ಸಿಲಿಕವು ಬಿರುಕನ್ನು ತುಂಬುತ್ತದೆ. ಇಲ್ಲಿಗೆ ನಿಂತರೆ ನೀರಾವಿಯು ಆ ಸಿಲಿಕವನ್ನು ಹಿಂದಿನಂತೆಯೇ ಕೊಂಡೊಯ್ಯುತ್ತಿತ್ತು. ಆದರೆ ಸಿಲಿಕವು ಪಕ್ಕದ ಏಕಸಿಲಿಕೇಟಿನೊಡನೆ ಕೂಡಿ ದ್ವಿಸಿಲಿಕೇಟಾಗುತ್ತದೆ. ಅಂದರೆ ಮದ್ದು ಮೈಯಲ್ಲಿ ಕರಗಿ ಮೈಯೇ ಆಗುತ್ತದೆ. ಈ ಎರಡನೆಯ ಹೆಜ್ಜೆಯೇ ಇಡೀ ಉಪಾಯದ ಜಾಣತನವೆಂದು ನಮ್ಮ ಅಭಿಪ್ರಾಯ.

ಲೋಹದ ಮೇಲಣ ಜಿರ್ಕೋನಿಯ ಲೇಪಕ್ಕೂ ಇದೇ ತತ್ತ್ವವನ್ನು ಹಾಲೆಂಡಿನ ಡೆಲ್ಫ್ಟ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು ಅನ್ವಯಿಸಿದ್ದಾರೆ. ಅಲ್ಲಿ ಮದ್ದಿನ ಕಣಗಳು ಮಾಲಿಬ್ಡಿನಂ ಮತ್ತು ಸಿಲಿಕಾನುಗಳ ಸಂಯುಕ್ತ. ಜಿರ್ಕೋನಿಯದ ಮೂಲಕ ಆಮ್ಲಜನಕವು ಸುಲಭವಾಗಿ ಸಾಗುವುದರಿಂದ, ಬಿರುಕು ಬರುವ ಮೊದಲೇ ಕಣಗಳು ಉರಿದುಹೋಗುವ ಅಪಾಯವಿತ್ತು. ಅದಕ್ಕಾಗಿ ಪ್ರತಿಯೊಂದು ಕಣಕ್ಕೂ ಅಲ್ಯೂಮಿನದ ಚಿಪ್ಪನ್ನು ತೊಡಿಸಿದರು. ಬಿರುಕು ಬಂದು ಚಿಪ್ಪನ್ನು ಒಡೆದರೆ ಮಾತ್ರ ಒಳಗಿನ ಮದ್ದು ಹೊರಬೀಳುತ್ತದೆ. ಅದರಿಂದಾದ ಸಿಲಿಕವು ಜಿರ್ಕೋನಿಯದೊಡನೆ ಕೂಡಿ ಜಿರ್ಕಾನ್ ಎಂಬ ಗಟ್ಟಿ ಖನಿಜವಾಗುತ್ತದೆ. ಫ್ರಾನ್ಸಿನ ತಂತ್ರಜ್ಞರು ಹಿಡಿದ ದಾರಿ ಇನ್ನೊಂದು. ಅವರು ನೂಲುಗಳ ಸುತ್ತಣ ಒಡಲಿನಲ್ಲಿಯೇ ಬೋರಾನ್ ಇರುವ ಪದರಗಳನ್ನು ಇಟ್ಟರು. ಬೋರಾನಿನ ಆಕ್ಸೈಡು 450 ಡಿಗ್ರಿಯಲ್ಲಿಯೇ ಕರಗಿ ಹರಿಯುವುದರಿಂದ, ಸಿಲಿಕವು ಇನ್ನೂ ಎಚ್ಚರಗೊಳ್ಳದ ಕಡಮೆ ಬಿಸಿಯಲ್ಲಿ ಬಿರುಕುಗಳನ್ನು ಮುಚ್ಚುತ್ತದೆ. ಅದರ ದೋಷವೆಂದರೆ, ಬಿಸಿ ಏರಿದಂತೆ ನೀರಾವಿಯು ಅದನ್ನು ಬೇಗನೆ ಒಯ್ದುಬಿಡುತ್ತದೆ.

ಮಾಯುವುದಕ್ಕೆ ಹಿಡಿಯುವ ಕಾಲವೂ ಮುಖ್ಯ. ಜಪಾನಿನ ಯೊಕೊಹಾಮ ವಿಶ್ವವಿದ್ಯಾಲಯದಲ್ಲಿ ಆಂಡೊ ಎಂಬ ವಿದ್ವಾಂಸನೂ ಅವನ ಸಂಗಡಿಗರೂ ಬಿರುಕು ಮಾಯುವ ಸಿರಾಮಿಕ್ಕುಗಳನ್ನು ಕುರಿತು 1990ರ ದಶಕದಿಂದ ಕೆಲಸಮಾಡುತ್ತ ಬಂದರು. 2017ರಲ್ಲಿ ಆ ಪರಂಪರೆಯವರು, ಮೂಳೆ ಕೂಡಿಕೊಳ್ಳುವ ಕ್ರಮವನ್ನು ಅನುಸರಿಸಿ, ಅಲ್ಯೂಮಿನದ ಕಣಗಳ ಸಂದುಗಳಲ್ಲಿ ಅತ್ಯಲ್ಪ ಪ್ರಮಾಣದ ಮ್ಯಾಂಗನೀಸ್ ಆಕ್ಸೈಡನ್ನು ಸೇರಿಸಿದಾಗ, 1000 ಡಿಗ್ರಿಯಲ್ಲಿ ಒಂದೇ ನಿಮಿಷದಲ್ಲಿ ಬಿರುಕು ಮಾಯಿತು. ಮ್ಯಾಂಗನೀಸಿನಿಂದ ಸಿಲಿಕವು ಬೇಗ ಮೆತ್ತಗಾಗಿ ಬಿರುಕಿನೊಳಕ್ಕೆ ಹರಿದದ್ದೇ ಇದರ ಗುಟ್ಟು. ಗುಬ್ಬಿಯ ನೆರೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗುಡ್ಡಗಳಲ್ಲಿ ಅಗೆದು ಲಾರಿಗಳಲ್ಲಿ ಸಾಗಿಸಿದ ಮ್ಯಾಂಗನೀಸ್ ಅದಿರು ನಮ್ಮ ಜನರಿಗೆ ಸುಪರಿಚಿತ. ಅದೇ ಮೂಲವಸ್ತುವಿಗೆ ಇಂಥ ಒಂದು ನಯವಾದ ಕೆಲಸವೂ ಉಂಟೆಂಬುದನ್ನು ಪ್ರಾಸಂಗಿಕವಾಗಿ ಹೇಳಿದ್ದೇವೆ.

ಇಷ್ಟನ್ನು ಓದಿ ಸಮಸ್ಯೆ ತೀರಿತೆಂದು ಉತ್ಸಾಹಗೊಳ್ಳುವುದು ಸರಿಯಲ್ಲ. ಒಂದು ಕಡೆಯ ಮದ್ದು ಒಮ್ಮೆ ಖರ್ಚಾದರೆ ಖರ್ಚಾದಂತೆಯೇ. ಅದೇ ಜಾಗದಲ್ಲಿ ಎರಡನೆಯ ಬಿರುಕು ಬಂದರೆ ಮಾಯಲಾರದು. ಮದ್ದನ್ನು ಹೆಚ್ಚಿಸಿದರೆ ಲೇಪದ ಹಿಗ್ಗುವಿಕೆ ಕೆಟ್ಟು ಅದರಿಂದಲೇ ಬಿರುಕು ಹುಟ್ಟಬಹುದು. ಬಿಸಿ ಇಲ್ಲದೆ ಮದ್ದು ಕೆಲಸಮಾಡುವುದಿಲ್ಲ. ಬಿರುಕು ಹುಟ್ಟುವುದಾದರೋ ಬಹುಮಟ್ಟಿಗೆ ಆರುವಾಗ. ಮುಂದಿನ ಹಾರಾಟದಲ್ಲಿ ಇಂಜಿನು ಮತ್ತೆ ಕಾಯುವವರೆಗೆ ಗಾಯವು ತೆರೆದೇ ಇರುತ್ತದೆ. ಸಿಪ್ಪೆಯೆದ್ದು ಉದುರಿದ ಲೇಪವನ್ನಂತೂ ಯಾವ ಮದ್ದೂ ಮರಳಿ ತರಲಾರದು. ಇವೆಲ್ಲಕ್ಕಿಂತ ನಮಗೆ ಗಂಭೀರವಾಗಿ ತೋರುವುದು ಮತ್ತೊಂದು. ಹೊರಗೆ ಮುಚ್ಚಿಕೊಂಡ ಬಿರುಕು ಒಳಗೆ ಪೂರ್ಣವಾಗಿ ಕೂಡಿಕೊಂಡಿರಬೇಕೆಂಬ ನಿಯಮವಿಲ್ಲ. ತೆರೆದ ಬಿರುಕನ್ನು ತಪಾಸಣೆಯವನು ಕಂಡು ಅಂಗವನ್ನು ತೆಗೆದುಹಾಕುತ್ತಾನೆ. ಮಾಯಿದಂತೆ ಕಾಣುವ ಬಿರುಕು ಅವನ ಕಣ್ಣು ತಪ್ಪಿಸುತ್ತದೆ. ತಾನೇ ಮಾಯುವ ವಸ್ತುವು ರೋಗವನ್ನು ವಾಸಿಮಾಡುವುದರ ಜೊತೆಗೆ ರೋಗಲಕ್ಷಣವನ್ನೂ ಮರೆಮಾಡುತ್ತದೆ. ಆದಕಾರಣ ಇಂಥ ಲೇಪಗಳು ಪ್ರಯೋಗಾಲಯದ ನೀರಾವಿಯ ಕುಲುಮೆಗಳಲ್ಲಿ ಸಾವಿರಾರು ಗಂಟೆ ಕಾದು ಆರಿ, ಎಷ್ಟು ಬಿರುಕಿಗೆ ಎಷ್ಟು ಬಲ ಮರಳುತ್ತದೆಂಬ ಲೆಕ್ಕ ಖಚಿತವಾದ ಹೊರತು ಅವುಗಳನ್ನು ನಂಬಿ ಮನುಷ್ಯರನ್ನು ಹಾರಿಸುವುದು ಸಾಹಸವಾದೀತು.

ನಮ್ಮ ದೇಶದಲ್ಲಿ ಈ ದಾರಿಯ ಕೆಲವು ಹೆಜ್ಜೆಗಳು ಬಿದ್ದಿವೆ. 2021ರಲ್ಲಿ ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯದವರು, ಒಂದೇ ಹರಳಾಗಿ ಎರಕಹೊಯ್ದ 60 ಟರ್ಬೈನ್ ಅಲಗುಗಳನ್ನು ಹೆಲಿಕಾಪ್ಟರ್ ಇಂಜಿನಿಗೋಸ್ಕರ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಗೆ ಒಪ್ಪಿಸಿದರು. 2024ರಲ್ಲಿ ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದವರು ಇಂಗಾಲದ ನೂಲಿನಿಂದ ಮಾಡಿದ ರಾಕೆಟ್ ಮೂತಿಗೆ ಸಿಲಿಕಾನ್ ಕಾರ್ಬೈಡಿನ ಲೇಪ ಕೊಟ್ಟು, ಉರಿಯಿಂದ ಅದು ಸುಟ್ಟುಹೋಗದಂತೆ ಕಾಪಾಡಿದರು. ರಾಕೆಟ್ಟಿನ ಮೂತಿ ಉರಿಯುವುದು ನಿಮಿಷಗಳ ಲೆಕ್ಕದಲ್ಲಿ, ವಿಮಾನದ ಇಂಜಿನು ವರ್ಷಗಳ ಲೆಕ್ಕದಲ್ಲಿ. ಒಂದರ ಯಶಸ್ಸನ್ನು ಇನ್ನೊಂದಕ್ಕೆ ನೇರವಾಗಿ ವರ್ಗಾಯಿಸಲಾಗುವುದಿಲ್ಲ. ಆದರೂ ಕೈ ಪಳಗುವುದು ಹೀಗೆಯೇ.

ಇತಿಹಾಸದವರಾದ ನಮಗೆ ಈ ವಿಷಯದಲ್ಲಿ ಆಡತಕ್ಕ ಸ್ವಂತ ಮಾತೇನಾದರೂ ಇದೆಯೇ? ಒಂದುಂಟು. ಟಿಪ್ಪುಸುಲ್ತಾನನ ಪತನವಾದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ನನು ಇಂದಿನ ತುಮಕೂರು ಜಿಲ್ಲೆಯ ಮಧುಗಿರಿಯ ಕಡೆಯಲ್ಲಿ ಉಕ್ಕು ಮಾಡುವ ಕ್ರಮವನ್ನು ಕಂಡು ಬರೆದಿಟ್ಟಿದ್ದಾನೆ. ಕಬ್ಬಿಣದ ತುಂಡು, ತಂಗಡಿಯ ಕಡ್ಡಿ, ಹಸಿರೆಲೆ, ಇವನ್ನು ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿಗೆ ಮಣ್ಣು ಮೆತ್ತಿ, ಇದ್ದಿಲಿನ ಕುಲುಮೆಯಲ್ಲಿ ತಿದಿಯೊತ್ತಿ ಕಾಯಿಸುತ್ತಿದ್ದರು. ಕಡ್ಡಿ, ಎಲೆಗಳ ಇಂಗಾಲವನ್ನು ಹೀರಿ ಕಬ್ಬಿಣವು ಉಕ್ಕಾಗುತ್ತಿತ್ತು. ಈ ಉಕ್ಕೇ ಯೂರೋಪಿನಲ್ಲಿ 'ವೂಟ್ಸ್' ಎಂದು ಹೆಸರಾದದ್ದು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದನ್ನು ಕುರಿತು ಜಾರ್ಜ್ ಪಿಯರ್ಸನ್ನನ ಪ್ರಬಂಧ ಬಂದಿತು, ಮುಂದೆ ಮೈಕೇಲ್ ಫ್ಯಾರಡೆಯೂ ಇದರ ಮರ್ಮವನ್ನು ಅರಿಯಲು ಶ್ರಮಿಸಿದನು. ಆ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದ ಬಂದಿತೆಂದು ಅನೇಕ ವಿದ್ವಾಂಸರ ಮತ. ಎಲ್ಲರ ಗಮನವೂ ಉಕ್ಕಿನ ಮೇಲೆ ನಿಂತುದರಿಂದ, ಅದನ್ನು ಹೆತ್ತ ಮೂಸೆಯನ್ನು ಕೇಳಿದವರು ಬಹುಕಾಲ ಇರಲಿಲ್ಲ.

ದಖ್ಖನಿನ ಉಕ್ಕಿನ ಮೂಸೆಗಳ ಚೂರುಗಳನ್ನು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಥೆಲ್ಮಾ ಲೋ ಎಂಬ ಅಮೆರಿಕದ ವಿದುಷಿ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಳು. ಜೇಡಿಮಣ್ಣಿಗೆ ಧಾರಾಳವಾಗಿ ಬತ್ತದ ಹೊಟ್ಟು ಬೆರೆಸಿದ್ದರು. ಹೊಟ್ಟಿನಲ್ಲಿ ಸಿಲಿಕ ವಿಶೇಷವಾಗಿರುತ್ತದೆ. ಮೂಸೆ ಕಾದಾಗ ಹೊಟ್ಟು ಕರಿಕಾಗಿ, ಅದರ ಸಿಲಿಕದ ಹಂದರವು ಇಂಗಾಲದೊಡನೆ ಗೋಡೆಯಲ್ಲಿ ಹಾಗೆಯೇ ನಿಲ್ಲುತ್ತದೆ. ಮಣ್ಣಿನೊಳಗೆ ಮುಲೈಟ್ ಎಂಬ ಸೂಜಿಯಂಥ ಹರಳುಗಳು ಬೆಳೆಯುತ್ತವೆ. ಹೊರಮೈಯಲ್ಲಿ ಇದ್ದಿಲಿನ ಬೂದಿ ಮಣ್ಣಿನೊಡನೆ ಕರಗಿ ಕಪ್ಪು ಗಾಜಿನ ಹೊದಿಕೆಯಾಗುತ್ತದೆ. ಮುಲೈಟನ್ನು ಸಿಲಿಕಾನ್ ಕಾರ್ಬೈಡಿನ ಮೇಲೆ ಮೊಟ್ಟಮೊದಲ ರಕ್ಷಾಲೇಪವಾಗಿ ನಮ್ಮ ಕಾಲದ ವಿಜ್ಞಾನಿಗಳೂ ಪ್ರಯತ್ನಿಸಿದ್ದರೆಂಬುದು ಇಲ್ಲಿ ಸ್ಮರಣೀಯ. ಬೆಂಕಿಯೇ ಬೆಂಕಿಗೆ ಮರೆಯನ್ನು ಕಟ್ಟಿಕೊಟ್ಟ ಈ ಗೋಡೆಯು 1300 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ನಿಂತು, ಕರಗಿದ ಉಕ್ಕನ್ನು ಸೋರದಂತೆ ಹಿಡಿಯುತ್ತಿತ್ತು.

ಇದನ್ನು ಹೇಳಿದ ಕೂಡಲೇ, ತಾನೇ ಮಾಯುವ ಲೇಪವನ್ನು ನಮ್ಮ ಹಿರಿಯರು ಅಂದೇ ಕಂಡುಹಿಡಿದಿದ್ದರೆಂದು ಘೋಷಿಸುವ ಮಂದಿ ಹೊರಡುತ್ತಾರೆ. ಆ ಮಾತು ಒಪ್ಪತಕ್ಕದ್ದಲ್ಲ. ಮೂಸೆಯು ಬಾಳಬೇಕಾದದ್ದು ಒಂದೇ ಕಾವಿನ ಕಾಲ. ಉಕ್ಕು ಸಿದ್ಧವಾದೊಡನೆ ಅದನ್ನು ಒಡೆದೇ ಗಟ್ಟಿಯನ್ನು ಹೊರತೆಗೆಯುತ್ತಿದ್ದರು. ಅದರ ಹೊದಿಕೆಯನ್ನು ಬೆಳೆಸಿದ ಬೂದಿಯೇ, ಕಾವು ಇನ್ನಷ್ಟು ಮುಂದುವರಿದರೆ, ಗೋಡೆಯನ್ನು ತಿಂದು ತೆಳುಮಾಡುವಂಥದು. ವಿಮಾನದ ಲೇಪವನ್ನು ಧೂಳು ತಿನ್ನುವ ರೀತಿಯೂ ಅದೇ. ಹೊಟ್ಟು ಬೆರೆಸಿದರೆ ಮೂಸೆ ಒಡೆಯದೆಂದು ಅನುಭವದಿಂದ ಬಲ್ಲವರ ಜಾಣ್ಮೆಯು ತನ್ನ ಅಳತೆಯಲ್ಲಿಯೇ ಸಾಕಷ್ಟು ದೊಡ್ಡದು. ಅದಕ್ಕೆ ಎರವಲು ಕಿರೀಟವನ್ನು ತೊಡಿಸುವುದರಿಂದ ಅವರ ನಿಜವಾದ ಕೆಲಸವನ್ನು ನೋಡುವುದೇ ತಪ್ಪಿಹೋಗುತ್ತದೆ.

ಆ ಕೆಲಸವನ್ನು ನೋಡಲು ಬೇಕಾದ ಸಾಮಗ್ರಿ ದಿನೇ ದಿನೇ ಕಡಮೆಯಾಗುತ್ತಿದೆ. ಹಳೆಯ ಕುಲುಮೆಗಳ ತಾಣಗಳು ಗಣಿ, ರಸ್ತೆ, ನಿವೇಶನಗಳಿಗಾಗಿ ಮಟ್ಟವಾಗುತ್ತಿವೆ. ಕಿಟ್ಟದ ದಿಬ್ಬಗಳನ್ನು ರಸ್ತೆಗೆ ತುಂಬಲು ಒಯ್ಯುತ್ತಾರೆ. ಗುಬ್ಬಿ, ಕುಣಿಗಲು, ಮಧುಗಿರಿ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಿಂದ ಬರುವ ನಮ್ಮ ವಿದ್ಯಾರ್ಥಿಗಳು, ಹೊಲ ಉಳುವಾಗ ಕಿಟ್ಟವಾಗಲಿ ಹೊರಗಡೆ ಕಪ್ಪು ಗಾಜಿನ ಹೊಳಪಿರುವ ಮಣ್ಣಿನ ಚೂರಾಗಲಿ ಸಿಕ್ಕಿದರೆ ಅದನ್ನು ತೊಳೆಯದೆ, ಅಂಟು ಹಾಕಿ ಜೋಡಿಸದೆ, ಸಿಕ್ಕಿದ ಜಾಗದ ಗುರುತನ್ನು ಚೀಟಿಯಲ್ಲಿ ಬರೆದು ಕಾಗದದಲ್ಲಿ ಸುತ್ತಿ ವಿಭಾಗಕ್ಕೆ ತಂದುಕೊಡಬೇಕೆಂದು ಕೋರುತ್ತೇವೆ. ತುಂಡಿನ ಅಡ್ಡಸೀಳಿನಲ್ಲಿ ಹೊಟ್ಟಿನ ಗುರುತು, ಹೊದಿಕೆಯ ದಪ್ಪ, ಗಾಜು ಇಳಿದು ಮುಚ್ಚಿದ ಬಿರುಕು ಇವೆಯೇ ಎಂಬುದನ್ನು ಭೂವಿಜ್ಞಾನದವರ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಕೈಬೆರಳಿನಷ್ಟು ಚೂರಾದರೂ ಸಾಕು.